ಅಲೈನ್‌ಮೆಂಟ್ ಎರಡು ಸಲ ಆಯ್ತು, ಕಾರು ಇನ್ನೂ ಎಳೆಯುತ್ತಿದೆ: ತಪ್ಪು ಎಲ್ಲಿದೆ?

ಓದುಗರ ಪ್ರಶ್ನೆ: "ನನ್ನದು 14 ವರ್ಷ ಹಳೆಯ ಸಣ್ಣ ಹ್ಯಾಚ್‌ಬ್ಯಾಕ್. ಮುಂದಿನ ಚಕ್ರಗಳಿಗೆ ಎಂಜಿನ್ ಶಕ್ತಿ ಹೋಗುವ ಗಾಡಿ, 1,32,000 ಕಿ.ಮೀ. ಓಡಿದೆ. ಮೆಲ್ಲಗೆ ಹೋಗುವಾಗ ಸಣ್ಣ ಗುಂಡಿಗಳಲ್ಲಿ ಮುಂದಿನ ಎಡಗಡೆಯಿಂದ ಟಕ್ ಟಕ್ ಅಂತ ಸದ್ದು ಬರುತ್ತದೆ, ದೊಡ್ಡ ಹಂಪ್ ಮೇಲೆ ನೇರವಾಗಿ ಹೋದರೆ ಬರಲ್ಲ. ಎಕ್ಸಲರೇಟರ್ ಒತ್ತಿದರೆ ಬಲಕ್ಕೆ ಎಳೆಯುತ್ತದೆ, ಕಾಲು ತೆಗೆದರೆ ಎಡಕ್ಕೆ ವಾಲುತ್ತದೆ. 80ರ ಮೇಲೆ ಸ್ಟೇರಿಂಗ್ ತೇಲಿದ ಹಾಗೆ. ಎಡ ಟೈರಿನ ಒಳ ಅಂಚು ಬೋಳಾಗಿದೆ. ಮೂರು ತಿಂಗಳಲ್ಲಿ ಎರಡು ಸಲ ವೀಲ್ ಅಲೈನ್‌ಮೆಂಟ್ ಮಾಡಿಸಿದೆ. ಒಬ್ಬ ಮೆಕ್ಯಾನಿಕ್ ನಾಲ್ಕೂ ಶಾಕ್, ಸ್ಟೇರಿಂಗ್ ರ‍್ಯಾಕ್ ಎಲ್ಲ ಬದಲಿಸಿ ಅನ್ನುತ್ತಾರೆ. ಇನ್ನೊಬ್ಬರು ಹಳೇ ಗಾಡಿ ಅಂದ್ರೆ ಹೀಗೇ, ಸುಮ್ನೆ ಓಡಿಸಿ ಅನ್ನುತ್ತಾರೆ. ಯಾರ ಮಾತು ಕೇಳಲಿ? ಹೀಗೆ ಓಡಿಸಬಹುದಾ? ಇಷ್ಟು ಹಳೇ ಗಾಡಿಗೆ ದುಡ್ಡು ಹಾಕೋದು ಸರಿನಾ?"

ಇಬ್ಬರ ಮಾತೂ ಬೇಡ. ಒಬ್ಬರು ನೋಡದೇ ಎಲ್ಲ ಬದಲಿಸು ಅಂತಾರೆ, ಇನ್ನೊಬ್ಬರು ನೋಡದೇ ಏನೂ ಬದಲಿಸಬೇಡ ಅಂತಾರೆ. ಗಾಡಿಯನ್ನು ಜಾಕ್ ಮೇಲೆ ಎತ್ತಿ, ಕೈ ಹಾಕಿ ಅಲ್ಲಾಡಿಸಿ ನೋಡಿದವರು ಯಾರೂ ಇದ್ದ ಹಾಗೆ ಕಾಣಲ್ಲ.

ನಿಮ್ಮ ಪತ್ರದಲ್ಲಿ ನೀವು ಅಂದುಕೊಂಡದ್ದಕ್ಕಿಂತ ಜಾಸ್ತಿ ಸುಳಿವುಗಳಿವೆ. ನನಗೆ ಮೊದಲು ಕಣ್ಣಿಗೆ ಬಿದ್ದದ್ದು ಟಕ್ ಟಕ್ ಸದ್ದಲ್ಲ. "ಒತ್ತಿದರೆ ಬಲಕ್ಕೆ, ಬಿಟ್ಟರೆ ಎಡಕ್ಕೆ" ಅನ್ನುವ ಸಾಲು. ಟೈರಿನ ದೋಷವಾದರೆ ಕಾರು ಸಾಮಾನ್ಯವಾಗಿ ಒಂದೇ ಕಡೆಗೆ ಎಳೆಯುತ್ತಿರುತ್ತದೆ. ಬ್ರೇಕ್ ಹಿಡಿದುಕೊಂಡಿದ್ದರೂ ಅಷ್ಟೇ. ದಿಕ್ಕು ನಿಮ್ಮ ಕಾಲಿನ ಜೊತೆಗೇ ಬದಲಾಗುತ್ತಿದೆ ಅಂದರೆ, ಮುಂದಿನ ಒಂದು ಚಕ್ರ ಇದ್ದ ಜಾಗದಲ್ಲಿ ನಿಲ್ಲುತ್ತಿಲ್ಲ, ಹಿಂದೆ ಮುಂದೆ ಸರಿಯುತ್ತಿದೆ ಅನ್ನೋ ಅನುಮಾನ ಬಲವಾಗುತ್ತದೆ.

ಅದು ಹೇಗೆ ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಇಂಥ ಸಣ್ಣ ಕಾರುಗಳ ಮುಂಭಾಗದಲ್ಲಿ ಬಹುಪಾಲು ಇರೋದು ಮ್ಯಾಕ್‌ಫರ್ಸನ್ ಸ್ಟ್ರಟ್. ಸ್ಪ್ರಿಂಗ್ ಮತ್ತು ಶಾಕ್ ಎರಡೂ ಸೇರಿದ ಒಂದು ಕಂಬ ಮೇಲೆ ಬಾಡಿಗೆ ಸೇರಿರುತ್ತದೆ, ಕೆಳಗೆ ಚಕ್ರ ಹೊತ್ತ ನಕಲ್ ಅನ್ನು ಹಿಡಿದಿರುತ್ತದೆ. ನಕಲ್‌ನ ಕೆಳತುದಿಯನ್ನು ಹಿಡಿದಿರೋದು ಲೋವರ್ ಆರ್ಮ್. ಆ ಆರ್ಮಿನ ಹೊರತುದಿಯಲ್ಲಿ ಬಾಲ್ ಜಾಯಿಂಟ್, ಒಳಗಡೆ ಮುಂದೊಂದು ಹಿಂದೊಂದು ರಬ್ಬರ್ ಬುಷ್. ಹಿಂದಿನ ಬುಷ್ ಸಾಮಾನ್ಯವಾಗಿ ದೊಡ್ಡದು, ಮೆತ್ತಗಿನದು. ಗುಂಡಿಗೆ ಬಿದ್ದಾಗ ಚಕ್ರ ಒಂಚೂರು ಹಿಂದೆ ಸರಿದು ಪೆಟ್ಟು ತಿನ್ನಲಿ ಅಂತ ಬೇಕಂತಲೇ ಮೆತ್ತಗೆ ಮಾಡಿರುತ್ತಾರೆ. ಕೆಲವು ಗಾಡಿಗಳಲ್ಲಿ ಅದರೊಳಗೆ ದ್ರವವೂ ಇರುತ್ತದೆ, ಅದು ಸೋರಿದರೆ ಸುತ್ತ ಕಪ್ಪು ಕಲೆ ಕಾಣುತ್ತದೆ.

ಮುಂದಿನ ಚಕ್ರವೇ ಗಾಡಿಯನ್ನು ಎಳೆಯುವುದರಿಂದ, ಎಕ್ಸಲರೇಟರ್ ಒತ್ತಿದಾಗ ಚಕ್ರ ಆ ಆರ್ಮನ್ನು ಮುಂದಕ್ಕೆ ಜಗ್ಗುತ್ತದೆ. ಕಾಲು ತೆಗೆದರೆ, ಬ್ರೇಕ್ ಹಿಡಿದರೆ ಹಿಂದಕ್ಕೆ ತಳ್ಳುತ್ತದೆ. ಬುಷ್ ಗಟ್ಟಿಯಾಗಿದ್ದರೆ ಇದೆಲ್ಲ ನಿಮಗೆ ಗೊತ್ತೇ ಆಗಲ್ಲ. ರಬ್ಬರ್ ಹರಿದಿದ್ದರೆ ಆ ಚಕ್ರ ಸರಿಯುತ್ತದೆ, ಸ್ಟೇರಿಂಗ್ ಕಡೆಯಿಂದ ಬಂದು ಚಕ್ರವನ್ನು ತಿರುಗಿಸುವ ಟೈ ರಾಡ್ ಮಾತ್ರ ಇದ್ದಲ್ಲೇ ಹಿಡಿದಿರುತ್ತದೆ, ಹಾಗಾಗಿ ಚಕ್ರ ಸರಿಯುವುದರ ಜೊತೆಗೆ ಒಂದಿಷ್ಟು ತಿರುಗಿಯೂ ಬಿಡುತ್ತದೆ. ಅಂದರೆ ನೀವು ಸ್ಟೇರಿಂಗ್ ಮುಟ್ಟದೇ ಗಾಡಿ ತನ್ನಷ್ಟಕ್ಕೆ ತಾನೇ ತಿರುಗಿಸಿಕೊಳ್ಳುತ್ತಿದೆ. ಒತ್ತಿದಾಗ ಯಾವ ಕಡೆ, ಬಿಟ್ಟಾಗ ಯಾವ ಕಡೆ ಅನ್ನೋದು ಟೈ ರಾಡ್ ಚಕ್ರದ ಮುಂದಿದೆಯೋ ಹಿಂದಿದೆಯೋ ಅನ್ನೋದರ ಮೇಲೆ ಹೋಗುತ್ತದೆ. ಆದ್ದರಿಂದ ದಿಕ್ಕು ನೋಡಿ ಎಡದ್ದೋ ಬಲದ್ದೋ ಅಂತ ತೀರ್ಪು ಕೊಡಬೇಡಿ.

ಒಂದು ಮಾತು. ಎಂಜಿನ್ ಶಕ್ತಿಯನ್ನು ಚಕ್ರಕ್ಕೆ ಒಯ್ಯುವ ಎಡ ಬಲ ಡ್ರೈವ್ ಶಾಫ್ಟ್‌ಗಳ ಉದ್ದ ಬೇರೆ ಬೇರೆ ಇರುವ ಗಾಡಿಗಳು ಜೋರಾಗಿ ಒತ್ತಿದಾಗ ಹೊಸದಾಗಿದ್ದಾಗಲೂ ಸ್ವಲ್ಪ ಎಳೆಯುತ್ತವೆ. ಅದು ಹುಟ್ಟುಗುಣ. ಇತ್ತೀಚೆಗೆ ಶುರುವಾಗಿದೆ, ಮೆಲ್ಲಗೆ ಒತ್ತಿದರೂ ಎಳೆಯುತ್ತದೆ ಅಂದರೆ ಅದು ಹುಟ್ಟುಗುಣ ಅಲ್ಲ.

ಈಗ ಅಲೈನ್‌ಮೆಂಟ್ ವಿಷಯ. ನಿಮ್ಮ ದುಡ್ಡು ಹೋಗಿದ್ದು ಇಲ್ಲೇ. ಮೆಷಿನ್ ಸುಳ್ಳು ಹೇಳಲ್ಲ, ಆದರೆ ಅದು ಅಳೆಯೋದು ನಿಂತ ಗಾಡಿಯನ್ನು. ಹರಿದ ಬುಷ್ ಕೂಡ ನಿಂತಾಗ ಎಲ್ಲೋ ಒಂದು ಕಡೆ ಕೂತಿರುತ್ತದೆ ಅಲ್ವಾ? ಆ ಕ್ಷಣಕ್ಕೆ ಟೋ (ಮೇಲಿನಿಂದ ನೋಡಿದಾಗ ಚಕ್ರ ಒಳಕ್ಕೋ ಹೊರಕ್ಕೋ ತಿರುಗಿರುವ ಕೋನ) ಸರಿ ಮಾಡಿದರೆ ಪರದೆಯ ಮೇಲೆ ಎಲ್ಲ ಹಸಿರು. ಗಾಡಿ ಹೊರಗೆ ಬಂದು ಮೊದಲ ಬ್ರೇಕ್ ಹಿಡಿದ ಕೂಡಲೇ ಲೆಕ್ಕ ತಪ್ಪುತ್ತದೆ. ಅಲುಗಾಡುವ ಮೇಜಿನ ಮೇಲೆ ತಕ್ಕಡಿ ಇಟ್ಟು ತೂಗಿದ ಹಾಗೆ ಅದು. ಅಲೈನ್‌ಮೆಂಟ್ ಮಾಡುವವರು ಮೊದಲು ಚಕ್ರ ಅಲ್ಲಾಡಿಸಿ ಪ್ಲೇ, ಅಂದರೆ ಸಡಿಲ, ಇದೆಯಾ ಅಂತ ನೋಡಲೇಬೇಕು. ಪ್ಲೇ ಇದ್ದರೆ "ಮೊದಲು ಇದು ಸರಿ ಮಾಡಿಸಿ ಬನ್ನಿ" ಅಂತ ವಾಪಸ್ ಕಳಿಸಬೇಕು. ಹಾಗೆ ಕಳಿಸುವವರು ಸಿಕ್ಕರೆ ಅವರನ್ನು ಬಿಡಬೇಡಿ.

ಟಕ್ ಟಕ್ ಸದ್ದು ಬೇರೆಯದೇ ಕಥೆ ಅಂತ ನನಗನಿಸುತ್ತದೆ. ಅದಕ್ಕೂ ನೀವೇ ಸುಳಿವು ಕೊಟ್ಟಿದ್ದೀರಿ: ಹಂಪ್ ಮೇಲೆ ನೇರವಾಗಿ ಹೋದರೆ ಬರಲ್ಲ. ಎರಡೂ ಚಕ್ರ ಒಟ್ಟಿಗೆ ಏರಿ ಇಳಿದಾಗ, ಎಡ ಬಲ ಸಸ್ಪೆನ್ಷನ್ ಎರಡನ್ನೂ ಜೋಡಿಸುವ ಸ್ಟೆಬಿಲೈಸರ್ ಬಾರ್ ಸುಮ್ಮನೆ ಜೊತೆಗೆ ಏರಿ ಇಳಿಯುತ್ತದೆ, ತಿರುಚಿಕೊಳ್ಳಲ್ಲ, ಅದರ ತುದಿಯನ್ನು ಸಸ್ಪೆನ್ಷನ್‌ಗೆ ಸೇರಿಸುವ ಲಿಂಕ್ ರಾಡ್ ಮೇಲೆ ಬಲ ಬೀಳಲ್ಲ. ಒಂದೇ ಚಕ್ರ ಗುಂಡಿಗೆ ಇಳಿದಾಗ ಮಾತ್ರ ಬಾರ್ ತಿರುಚಿ ಲಿಂಕನ್ನು ಮೇಲೆ ಕೆಳಗೆ ಜಗ್ಗುತ್ತದೆ. ಸವೆದ ಲಿಂಕ್ ಆಗ ಟಕ್ ಅನ್ನುತ್ತದೆ. ಮೆಲ್ಲಗೆ ಹೋಗುವಾಗ, ಕೆಟ್ಟ ರಸ್ತೆಯಲ್ಲಿ, ಒಂದೇ ಕಡೆಯಿಂದ ಬರುವ ಒಣ ಸದ್ದು ಅಂದರೆ ನಾನು ಮೊದಲು ಲಿಂಕ್ ರಾಡ್, ಆಮೇಲೆ ಬಾರ್ ಹಿಡಿದಿರುವ ರಬ್ಬರ್‌ಗಳನ್ನು ನೋಡುತ್ತೇನೆ. ಸೋವಿ ಭಾಗ, ಕೆಲಸವೂ ಬೇಗ. ಗಾಡಿಯ ಒಂದೇ ಕಡೆ ಜಾಕ್ ಎತ್ತಿ ಲಿಂಕ್ ನೋಡಿದರೆ ಮಾತ್ರ ಮೋಸ ಹೋಗುತ್ತೀರಿ. ಬಾರ್ ತಿರುಚಿ ಲಿಂಕನ್ನು ಬಿಗಿಯಾಗಿ ಹಿಡಿದಿರುತ್ತದೆ, ಪ್ಲೇ ಕಾಣೋದೇ ಇಲ್ಲ. ಎರಡೂ ಮುಂಚಕ್ರ ಒಂದೇ ಎತ್ತರದಲ್ಲಿರಬೇಕು, ಎರಡೂ ನೆಲದ ಮೇಲೆ ಅಥವಾ ಎರಡೂ ಗಾಳಿಯಲ್ಲಿ.

ಆದರೆ ಸದ್ದು ಕೇಳಿ ಭಾಗ ಕೊಳ್ಳಬೇಡಿ. ಇದನ್ನು ನಾನು ಪೆಟ್ಟು ತಿಂದೇ ಕಲಿತದ್ದು. ಕೆಲಸಕ್ಕೆ ಸೇರಿದ ಹೊಸತರಲ್ಲಿ ಹೀಗೇ ಟಕ್ ಟಕ್ ಅಂತ ಬಂದ ಒಂದು ಗಾಡಿಗೆ ಧೈರ್ಯವಾಗಿ ಮುಂದಿನ ಎರಡೂ ಶಾಕ್ ಬದಲಿಸಿದೆ. ಮಾರನೇ ದಿನ ಅವರು ವಾಪಸ್ ಬಂದರು, ಸದ್ದು ಅಷ್ಟೇ ಇತ್ತು. ಪಕ್ಕದಲ್ಲಿ ಕೂತು ಒಂದು ಸುತ್ತು ಹೋದೆ. ಅವರು ಸುಮ್ನೆ ಬ್ರೇಕ್ ಮೇಲೆ ಕಾಲಿಟ್ಟರು, ಸದ್ದು ನಿಂತೇ ಹೋಯಿತು. ಬ್ರೇಕ್ ಕ್ಯಾಲಿಪರ್ ಪಿನ್ ಸವೆದು ಕ್ಯಾಲಿಪರ್ ಅಲುಗಾಡುತ್ತಿತ್ತು, ಅಷ್ಟೇ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಅಂತಾರಲ್ಲ, ಹಾಗಾಯಿತು. ಆವತ್ತಿನಿಂದ ಯಾವ ಗಾಡಿ ಬಂದರೂ ನಾನು ಮೊದಲು ಮಾಡೋದು ಎರಡು ಕೆಲಸ. ಡಿಕ್ಕಿಯಲ್ಲಿರುವ ಜಾಕ್, ಸ್ಪ್ಯಾನರ್ ಎಲ್ಲ ತೆಗೆದು ಹೊರಗಿಡೋದು (ನಗಬೇಡಿ, ಅರ್ಧ ದಿನ ಹುಡುಕಿದ ಸದ್ದು ಅಲ್ಲೇ ಸಿಕ್ಕಿದ್ದುಂಟು), ಆಮೇಲೆ ಸದ್ದು ಬರುವಾಗ ಬ್ರೇಕನ್ನು ಹಗುರವಾಗಿ ಒತ್ತಿ ನೋಡೋದು.

ನಿಮ್ಮ ಗಾಡಿಯಲ್ಲಿ ನೀವೇ ನೋಡಬಹುದಾದದ್ದು ಬಹಳಷ್ಟಿದೆ. ಟೈರಿನಿಂದ ಶುರು ಮಾಡಿ. ಬೆಳಿಗ್ಗೆ ಗಾಡಿ ತಣ್ಣಗಿದ್ದಾಗ ಗಾಳಿ ಅಳೆಯಿರಿ, ಬಾಗಿಲಿನ ಪಕ್ಕದ ಚೀಟಿಯಲ್ಲೋ ಕೈಪಿಡಿಯಲ್ಲೋ ಇರುವಷ್ಟೇ ತುಂಬಿಸಿ. ಟೈರಿನ ಪಕ್ಕದಲ್ಲಿ ಡಾಟ್ ಅಕ್ಷರಗಳಿಂದ ಶುರುವಾಗುವ ಗುರುತಿನ ಕೊನೆಗೆ ನಾಲ್ಕು ಅಂಕಿ ಇರುತ್ತದೆ. 2317 ಅಂತಿದ್ದರೆ 2017ರ 23ನೇ ವಾರದಲ್ಲಿ ತಯಾರಾಗಿದ್ದು ಅಂತ. ಗೀರು ಚೆನ್ನಾಗಿದ್ದರೂ ರಬ್ಬರ್ ಕಲ್ಲಾಗಿದ್ದರೆ ಯಾವ ಸಸ್ಪೆನ್ಷನ್ ಹಾಕಿದರೂ ಪ್ರಯೋಜನ ಇಲ್ಲ. ಆಮೇಲೆ ಅಂಗೈಯನ್ನು ಟೈರಿನ ಅಡ್ಡಕ್ಕೆ ಒಳಗಿನಿಂದ ಹೊರಗೆ, ಹೊರಗಿನಿಂದ ಒಳಗೆ ಸವರಿ. ತಂತಿ ಹೊರಬಂದಿದ್ದರೆ ಮಾತ್ರ ಮುಟ್ಟಬೇಡಿ, ಆ ಟೈರಿನ ಕಥೆ ಮುಗಿದಿದೆ. ಒಂದು ಕಡೆ ನುಣ್ಣಗೆ, ಇನ್ನೊಂದು ಕಡೆ ಗರಗಸದ ಹಾಗೆ ತಾಗಿದರೆ ಟೋ ತಪ್ಪಿದೆ. ಎರಡೂ ಅಂಚು ಸವೆದಿದ್ದರೆ ಗಾಳಿ ಕಡಿಮೆ ಇತ್ತು, ನಡು ಸವೆದಿದ್ದರೆ ಜಾಸ್ತಿ ಇತ್ತು. ಸುತ್ತಲೂ ಅಲ್ಲಲ್ಲಿ ಬಟ್ಟಲಿನ ಹಾಗೆ ತಗ್ಗು ಬಿದ್ದಿದ್ದರೆ ಚಕ್ರ ಕುಣಿದಿದೆ. ಶಾಕ್ ಸತ್ತಿರಬಹುದು, ಬ್ಯಾಲೆನ್ಸ್ ಹೋಗಿರಬಹುದು, ಇಲ್ಲ ಎಲ್ಲೋ ಏನೋ ಲೂಸ್ ಇದೆ. ನಿಮ್ಮದರಲ್ಲಿ ಒಳ ಅಂಚು ಮಾತ್ರ ಹೋಗಿದೆ. ಟೋ ಅಥವಾ ಕ್ಯಾಂಬರ್ (ಮುಂದಿನಿಂದ ನೋಡಿದಾಗ ಚಕ್ರ ಒಳಕ್ಕೋ ಹೊರಕ್ಕೋ ವಾಲಿರುವ ಕೋನ). ಸರಿಯುವ ಚಕ್ರ ಅಂದುಕೊಂಡರೆ ಅದೂ ಇಲ್ಲಿಗೇ ಹೊಂದುತ್ತದೆ.

ಎರಡನೆಯದು, ಇದಕ್ಕೆ ಇನ್ನೊಬ್ಬರು ಬೇಕು. ಖಾಲಿ, ಸಮತಟ್ಟು ಜಾಗದಲ್ಲಿ ನೀವು ನಡಿಗೆಯ ವೇಗಕ್ಕಿಂತ ಒಂಚೂರು ಜಾಸ್ತಿ ಹೋಗಿ ಗಟ್ಟಿಯಾಗಿ ಬ್ರೇಕ್ ಹಿಡಿಯಿರಿ. ಅವರು ದೂರದಲ್ಲಿ, ಪಕ್ಕಕ್ಕೆ ನಿಂತು ಮೊಬೈಲಿನಲ್ಲಿ ಚಕ್ರವನ್ನು ಮಾತ್ರ ವಿಡಿಯೋ ಮಾಡಲಿ. ಆಮೇಲೆ ರಿವರ್ಸ್‌ನಲ್ಲಿ ಹೋಗಿ ಅದೇ ಮಾಡಿ. ಎಡ, ಬಲ ಎರಡೂ ಕಡೆ. ವಿಡಿಯೋ ನಿಧಾನಕ್ಕೆ ಓಡಿಸಿ, ಟೈರಿಗೂ ಮಡ್‌ಗಾರ್ಡಿನ ಹಿಂಬದಿಗೂ ನಡುವಿನ ಸಂದು ನೋಡಿ. ಒಳ್ಳೆ ಗಾಡಿಯಲ್ಲೂ ಕೂದಲೆಳೆಯಷ್ಟು ಅಲುಗುತ್ತದೆ. ಆದರೆ ಒಂದು ಕಡೆ ಸುಮ್ಮನಿದ್ದು ಇನ್ನೊಂದು ಕಡೆ ಬೆರಳಿನಷ್ಟು ಸರಿದರೆ ಹುಡುಕಾಟ ಮುಗಿದ ಹಾಗೆ. ಪ್ರತಿ ಸಲ ದಿಕ್ಕು ಬದಲಿಸಿದಾಗ ಒಂದೇ ಒಂದು "ದಡ್" ಬಂದು, ಚಕ್ರ ಸರಿಯದಿದ್ದರೆ ಎಂಜಿನ್ ಮೌಂಟಿಂಗ್ ನೋಡಿ, ಅದೂ ಇದೇ ವೇಷದಲ್ಲಿ ಬರುತ್ತದೆ.

ಮೂರನೆಯದು ನನಗೆ ತುಂಬ ಇಷ್ಟದ ಪರೀಕ್ಷೆ. ಗಾಡಿ ನೆಲದ ಮೇಲೇ ಇರಲಿ, ಹ್ಯಾಂಡ್ ಬ್ರೇಕ್ ಹಾಕಿ, ಗೇರ್ ನ್ಯೂಟ್ರಲ್. ಒಬ್ಬರು ಸ್ಟೇರಿಂಗನ್ನು ಗಡಿಯಾರದ ನಿಮಿಷದ ಮುಳ್ಳು ಐದು ನಿಮಿಷದಲ್ಲಿ ಸರಿಯುವಷ್ಟು ಮಾತ್ರ ಎಡಕ್ಕೆ ಬಲಕ್ಕೆ, ಎಡಕ್ಕೆ ಬಲಕ್ಕೆ ತಿರುಗಿಸುತ್ತಿರಲಿ. ನೀವು ಪಕ್ಕದಲ್ಲಿ ಕೂತು ಟೈ ರಾಡ್ ಎಂಡ್ ಮೇಲೆ ಎರಡು ಬೆರಳಿಡಿ. ಜಾಯಿಂಟ್ ಸವೆದಿದ್ದರೆ ಕಿವಿಗೆ ಕೇಳುವ ಮುಂಚೆ ಬೆರಳಿಗೆ ಗೊತ್ತಾಗುತ್ತದೆ, ನಾಡಿ ಹಿಡಿದ ಹಾಗೆ ಒಳಗೆ ಟಿಕ್ ಟಿಕ್ ಅಂತ ಬಡಿಯುತ್ತದೆ. ಹಾಗೇ ಸ್ಪ್ರಿಂಗ್ ಮೇಲೂ ಅಂಗೈ ಇಟ್ಟು ನೋಡಿ. ಸ್ಟೇರಿಂಗ್ ತಿರುಗುವಾಗ ಸ್ಪ್ರಿಂಗ್ ಮೆಲ್ಲಗೆ ತಿರುಗದೇ, ತಡೆದು ತಡೆದು "ಟೊಂಯ್" ಅಂತ ಹಾರಿದರೆ ಮೇಲಿನ ಸ್ಟ್ರಟ್ ಮೌಂಟಿನ ಬೇರಿಂಗ್ ಹಿಡಿದುಕೊಂಡಿದೆ. ತಿರುವು ಮುಗಿದ ಮೇಲೆ ಸ್ಟೇರಿಂಗ್ ತಾನಾಗಿ ನಡುವಿಗೆ ಬರದಿರಲು, 80ರ ಮೇಲೆ ತೇಲಿದ ಹಾಗಾಗಲು ಇದೂ ಕಾರಣ ಆಗಬಹುದು.

ಆಮೇಲೆ ಚಕ್ರ ಎತ್ತಿ ನೋಡೋದು. ಜಾಕ್ ಒಂದನ್ನೇ ನಂಬಿ ಗಾಡಿಯ ಕೆಳಗೆ ತಲೆ ಹಾಕಬೇಡಿ, ಸ್ಟ್ಯಾಂಡ್ ಇಟ್ಟ ಮೇಲೇ. ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿ, ಆಮೇಲೆ ಎಡ ಬಲ ಹಿಡಿದು. ಎಡ ಬಲ ಹಿಡಿದಾಗ ಮಾತ್ರ ಪ್ಲೇ ಸಿಕ್ಕರೆ ಟೈ ರಾಡ್ ಮೇಲೆ ಅನುಮಾನ. ಮೇಲೆ ಕೆಳಗೆ ಹಿಡಿದಾಗ ಸಿಕ್ಕರೆ ವೀಲ್ ಬೇರಿಂಗ್ ಅಥವಾ ಬಾಲ್ ಜಾಯಿಂಟ್. ಯಾವುದು ಅಂತ ತಿಳಿಯಲು ಇನ್ನೊಬ್ಬರಿಗೆ ಬ್ರೇಕ್ ಒತ್ತಿ ಹಿಡಿಯಲು ಹೇಳಿ. ಪ್ಲೇ ಮಾಯವಾದರೆ ಬೇರಿಂಗ್, ಹಾಗೇ ಉಳಿದರೆ ಬಾಲ್ ಜಾಯಿಂಟ್ ಕಡೆ ನೋಡಿ. ಲೋವರ್ ಆರ್ಮಿನ ಬುಷ್‌ಗೆ ಕೈ ಸಾಲದು, ಉದ್ದನೆಯ ಕಬ್ಬಿಣದ ರಾಡ್ ಹಾಕಿ ಮೀಟಬೇಕು. ರಬ್ಬರ್ ಮೇಲೆ ಸಣ್ಣ ಬಿರುಕು ಕಂಡ ಕೂಡಲೇ "ಹೋಯ್ತು" ಅಂತ ತೋರಿಸುವವರಿದ್ದಾರೆ. ಮೇಲ್ಮೈ ಬಿರುಕು ವಯಸ್ಸಿನ ಸುಕ್ಕು, ಅಷ್ಟೇ. ಮೀಟಿದಾಗ ರಬ್ಬರ್ ಲೋಹದಿಂದ ಬಿಟ್ಟುಕೊಂಡು ಬಾಯಿ ತೆರೆದರೆ ಆಗ ಹೋಗಿದೆ.

ಶಾಕ್ ಬಗ್ಗೆ ಎರಡು ಮಾತು. ಮೂಲೆ ಒತ್ತಿ ಬಿಟ್ಟು ಎಷ್ಟು ಸಲ ಕುಣಿಯುತ್ತೆ ಅಂತ ನೋಡೋದು ಹಳೇ ಪದ್ಧತಿ. ಅದರಲ್ಲಿ ಸಿಕ್ಕಿಬೀಳೋದು ಪೂರ್ತಿ ಸತ್ತ ಶಾಕ್ ಮಾತ್ರ. ಅರ್ಧ ಸತ್ತದ್ದು ಆ ಪರೀಕ್ಷೆಯಲ್ಲಿ ಆರಾಮಾಗಿ ಪಾಸಾಗುತ್ತದೆ. ಮೇಲ್ಭಾಗದಲ್ಲಿ ತೆಳುವಾಗಿ ಎಣ್ಣೆಯ ಪಸೆ ಇದ್ದರೆ ಗಾಬರಿ ಬೇಡ, ಎಣ್ಣೆ ಇಳಿದು ಧೂಳು ಮೆತ್ತಿಕೊಂಡಿದ್ದರೆ ಬದಲಿಸಿ, ಒಂದೇ ಆಕ್ಸಲ್‌ನಲ್ಲಿ ಎರಡೂ ಒಟ್ಟಿಗೆ. 1,32,000 ಕಿ.ಮೀ. ಓಡಿದ ಮೂಲ ಶಾಕ್‌ಗಳಾದರೆ ಸೋತಿರೋದು ಸಹಜವೇ. ಆದರೆ ನೀವು ಹೇಳಿದ ಎಳೆತಕ್ಕೆ ಅವು ಕಾರಣ ಅಲ್ಲ. ಶಾಕ್ ಹಾಕಿಸಿ ಬಂದ ಮೇಲೂ ಒತ್ತಿದರೆ ಬಲಕ್ಕೆ, ಬಿಟ್ಟರೆ ಎಡಕ್ಕೆ ಹೋಗುತ್ತಲೇ ಇರುತ್ತದೆ.

ಸ್ಟೇರಿಂಗ್ ರ‍್ಯಾಕ್ ಕೊನೆಯ ಪಾಳಿ. ಅದು ದುಬಾರಿ, ಅದರ ಮೇಲೆ ಹೊರಿಸುವ ಬಹಳಷ್ಟು ಸದ್ದು ಒಳಗಿನ ಟೈ ರಾಡ್‌ದೋ ರ‍್ಯಾಕ್ ಹಿಡಿದಿರುವ ರಬ್ಬರ್‌ದೋ ಆಗಿರುತ್ತದೆ. ಬದಲಿಸಿ ಅಂದವರಿಗೆ "ಪ್ಲೇ ತೋರಿಸಿ" ಅನ್ನಿ. ಜಗಳ ಬೇಡ, ತೋರಿಸಿ ಅನ್ನೋದು ಸಾಕು.

ಹಿಂಬದಿಯನ್ನೂ ಮರೆಯಬೇಡಿ. ಇಂಥ ಗಾಡಿಗಳಲ್ಲಿ ಹಿಂದೆ ಸಾಮಾನ್ಯವಾಗಿ ಒಂದು ಅಡ್ಡ ಬೀಮ್, ಅದಕ್ಕೆ ಎರಡು ದೊಡ್ಡ ಬುಷ್. ಅವು ಸೋತರೆ ಲೇನ್ ಬದಲಿಸಿದಾಗ ಗಾಡಿ ಎರಡು ಸಲ ತಿರುಗಿದ ಹಾಗಾಗುತ್ತದೆ. ಮುಂದಿನದು ಮೊದಲು, ಒಂದು ಕ್ಷಣ ಬಿಟ್ಟು ಹಿಂದಿನದು. ನಿಮ್ಮ "ತೇಲಿದ ಹಾಗೆ" ಅನ್ನೋದು ಇದೇನಾ ಅಂತ ಗಮನಿಸಿ.

ಹೀಗೆ ಓಡಿಸಬಹುದಾ ಅಂತ ಕೇಳಿದ್ದೀರಿ. ಲಿಂಕ್ ರಾಡ್ ಮಾತ್ರ ಹೋಗಿದ್ದರೆ ಕಿರಿಕಿರಿಯೇ ಜಾಸ್ತಿ, ಅಪಾಯ ಕಡಿಮೆ. ಬುಷ್ ಹರಿದಿದ್ದರೆ ಮೆಲ್ಲಗೆ ಗ್ಯಾರೇಜ್‌ವರೆಗೆ ಹೋಗಬಹುದು, ಹೆದ್ದಾರಿಗೆ ಬೇಡ. ಮಳೆಯಲ್ಲಿ ತಟ್ಟನೆ ಬ್ರೇಕ್ ಹಿಡಿದಾಗ ಗಾಡಿ ಯಾವ ಕಡೆ ಮೂತಿ ತಿರುಗಿಸುತ್ತದೋ ಹೇಳೋಕಾಗಲ್ಲ. ಬಾಲ್ ಜಾಯಿಂಟ್ ಅಥವಾ ಟೈ ರಾಡ್ ಎಂಡ್‌ನಲ್ಲಿ ಕೈಗೆ ಸಿಗುವಷ್ಟು ಪ್ಲೇ ಇದ್ದರೆ ಗಾಡಿ ತೆಗೆಯಲೇಬೇಡಿ. ಬಾಲ್ ಜಾಯಿಂಟ್ ಕಳಚಿದರೆ ಚಕ್ರ ಮಡಚಿಕೊಂಡು ಗಾಡಿ ಕೂತುಬಿಡುತ್ತದೆ, ಟೈ ರಾಡ್ ಕಳಚಿದರೆ ಆ ಚಕ್ರ ನಿಮ್ಮ ಮಾತು ಕೇಳಲ್ಲ. ಸ್ಪ್ರಿಂಗಿನ ಕೆಳಗಿನ ಸುತ್ತು ತುಂಡಾಗಿದ್ದರೂ ಅಷ್ಟೇ, ಆ ಚೂಪು ತುದಿ ಟೈರನ್ನು ಸೀಳಬಹುದು. ಒಳ ಅಂಚಿನಲ್ಲಿ ತಂತಿ ಕಾಣುತ್ತಿದ್ದರೆ ಬೇರೆ ಎಲ್ಲ ಆಮೇಲೆ, ಮೊದಲು ಟೈರ್.

ರಿಪೇರಿಯಲ್ಲಿ ನಿಮ್ಮ ಮುಂದೆ ಎರಡು ಮೂರು ದಾರಿ ಇವೆ. ಹರಿದದ್ದು ಬುಷ್ ಅಂತ ಖಾತ್ರಿಯಾದರೆ ಹಳೇ ಆರ್ಮಿಗೇ ಹೊಸ ಬುಷ್ ಮಾತ್ರ ಪ್ರೆಸ್ ಮಾಡಿಸಬಹುದು, ಭಾಗದ ಖರ್ಚು ಕಡಿಮೆ. ಆದರೆ ಬುಷ್‌ನಲ್ಲಿರುವ ಖಾಲಿ ಸಂದು ಯಾವ ದಿಕ್ಕಿಗೆ ಬರಬೇಕು ಅಂತ ಗುರುತು ಇರುತ್ತದೆ, ಅದು ತಿರುಗಿ ಕೂತರೆ ಕೆಲಸ ಹಾಳು. ಬಾಲ್ ಜಾಯಿಂಟ್ ಕೂಡ ಹಳೆಯದೇ ಆಗಿದ್ದರೆ ಬುಷ್, ಜಾಯಿಂಟ್ ಸಮೇತ ಪೂರ್ತಿ ಆರ್ಮ್ ಹಾಕಿಸಿ, ಎರಡೂ ಕಡೆ. ನಾನಾದರೆ ನಿಮ್ಮ ಗಾಡಿಗೆ ಇದನ್ನೇ ಮಾಡುತ್ತೇನೆ, ಜೊತೆಗೆ ಎರಡು ಲಿಂಕ್ ರಾಡ್. ಶಾಕ್ ಸೋರುತ್ತಿದ್ದರೆ ಅದೇ ಬಿಚ್ಚುವಿಕೆಯಲ್ಲಿ ಶಾಕ್, ಮೇಲಿನ ಮೌಂಟ್ ಎರಡೂ ಮುಗಿಸಿ, ಇಲ್ಲದಿದ್ದರೆ ಅದೇ ಕೂಲಿ ಎರಡು ಸಲ. ಸ್ಟ್ರಟ್‌ನಿಂದ ಸ್ಪ್ರಿಂಗ್ ತೆಗೆಯುವ ಕೆಲಸ ಮಾತ್ರ ಮನೆಯಲ್ಲಿ ಬೇಡ. ಒತ್ತಿ ಹಿಡಿದ ಸ್ಪ್ರಿಂಗ್ ಜಾರಿದರೆ ಪ್ರಾಣಕ್ಕೇ ಕುತ್ತು. ರಬ್ಬರ್ ಬದಲು ಪಾಲಿಯುರೆಥೇನ್ ಬುಷ್ ಹಾಕಿ ಅಂತಲೂ ಹೇಳುವವರಿದ್ದಾರೆ. ಸ್ಟೇರಿಂಗ್ ಚುರುಕಾಗುತ್ತದೆ ನಿಜ, ಆದರೆ ರಸ್ತೆಯ ಪ್ರತಿ ಕಲ್ಲೂ ಸೀಟಿಗೆ ಬರುತ್ತದೆ, ಕೆಲವು ಕಿರುಗುಡುತ್ತವೆ. ದಿನಬಳಕೆಗೆ ನಾನು ಹೇಳಲ್ಲ. ಗುಜರಿಯಿಂದ ತಂದ ಹಳೇ ಆರ್ಮ್ ಅಂತೂ ಬೇಡವೇ ಬೇಡ, ಆ ರಬ್ಬರಿಗೂ ನಿಮ್ಮದರಷ್ಟೇ ವಯಸ್ಸಾಗಿರುತ್ತದೆ. ಸ್ಪ್ರಿಂಗ್ ಸುತ್ತಿನ ನಡುವೆ ಸಿಕ್ಕಿಸುವ ರಬ್ಬರ್ ತುಂಡುಗಳು, ಬುಷ್‌ಗೆ ಎಂಜಿನ್ ಆಯಿಲ್ ಹಾಕಿ ಸದ್ದು ನಿಲ್ಲಿಸೋದು, ಇವೂ ಬೇಡ. ಎಣ್ಣೆ ತಾಗಿದರೆ ರಬ್ಬರ್ ಊದಿ ಬೇಗ ಹಾಳಾಗುತ್ತದೆ.

ಇನ್ನೊಂದು ವಿಷಯ ನೀವು ಪಕ್ಕದಲ್ಲೇ ನಿಂತು ನೋಡಿ. ಹೊಸ ಆರ್ಮ್ ಹಾಕಿದ ಮೇಲೆ ಬುಷ್‌ನ ಬೋಲ್ಟ್‌ಗಳನ್ನು ಪೂರ್ತಿ ಬಿಗಿ ಮಾಡಬೇಕಾದ್ದು ಗಾಡಿಯ ಭಾರ ಚಕ್ರದ ಮೇಲೆ ಇದ್ದಾಗ. ಲಿಫ್ಟ್ ಮೇಲೆ ಚಕ್ರ ನೇತಾಡುತ್ತಿರುವಾಗಲೇ ಬಿಗಿ ಮಾಡಿದರೆ, ಗಾಡಿ ಇಳಿಸಿದ ಕೂಡಲೇ ರಬ್ಬರ್ ತಿರುಚಿಕೊಳ್ಳುತ್ತದೆ, ಆಮೇಲೆ ನಿಂತಾಗಲೂ ತಿರುಚಿಕೊಂಡೇ ಇರುತ್ತದೆ. ವರ್ಷಗಟ್ಟಲೆ ಬರಬೇಕಾದ ಬುಷ್ ಕೆಲವೇ ತಿಂಗಳಲ್ಲಿ ಹರಿಯುತ್ತದೆ, ಬೈಗುಳ ಮಾತ್ರ ಭಾಗ ಮಾರಿದವರಿಗೆ. ಅವಸರದಲ್ಲಿ ಇದನ್ನು ಬಿಡುವವರು ಬಹಳ. "ಇಳಿಸಿದ ಮೇಲೆ ಬಿಗಿ ಮಾಡ್ತೀರಲ್ವಾ ಅಣ್ಣ?" ಅಂತ ಮೊದಲೇ ಕೇಳಿಬಿಡಿ.

ಇದೆಲ್ಲ ಆದ ಮೇಲೆ ಮೂರನೇ ಅಲೈನ್‌ಮೆಂಟ್, ಈ ಸಲದ್ದು ದಂಡ ಅಲ್ಲ. ಎರಡು ಟೈರ್ ಮಾತ್ರ ಹೊಸದು ತೆಗೆದುಕೊಳ್ಳುವುದಾದರೆ ಹೊಸದನ್ನು ಹಿಂದೆ ಹಾಕಿಸಿ, ಹಿಂದಿನ ಒಳ್ಳೆಯದನ್ನು ಮುಂದೆ ತನ್ನಿ. ಎಳೆಯುವ ಚಕ್ರಕ್ಕೇ ಹೊಸದು ಬೇಕು ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಆದರೆ ಒದ್ದೆ ರಸ್ತೆಯಲ್ಲಿ ಮುಂದಿನದು ಜಾರಿದರೆ ಕಾಲು ತೆಗೆದು ಹೇಗೋ ಸಂಭಾಳಿಸಬಹುದು, ತಿರುವಿನಲ್ಲಿ ಹಿಂದಿನದು ಜಾರಿದರೆ ಗಾಡಿ ಗಿರಕಿ ಹೊಡೆಯುತ್ತದೆ.

ಖರ್ಚು ಸರಿನಾ ಅನ್ನೋದಕ್ಕೆ ನನ್ನ ಲೆಕ್ಕ ವಯಸ್ಸು ನೋಡಲ್ಲ, ತುಕ್ಕು ನೋಡುತ್ತದೆ. ಆರ್ಮ್ ಸೇರುವ ಸಬ್‌ಫ್ರೇಮ್, ಸ್ಟ್ರಟ್ ಮೇಲೆ ಸೇರುವ ಬಾಡಿಯ ತಗಡು, ಹಿಂದಿನ ಬೀಮ್ ಹಿಡಿದಿರುವ ಜಾಗ, ಇವನ್ನು ಸ್ಕ್ರೂಡ್ರೈವರ್ ತುದಿಯಿಂದ ಕುಟ್ಟಿ ನೋಡಿ. ಟಣ್ ಅಂದರೆ ರಿಪೇರಿ ಮಾಡಿಸಿ. ಎಂಜಿನ್ ಚೆನ್ನಾಗಿದ್ದರೆ ಇನ್ನೂ ಹಲವು ವರ್ಷ ಓಡುತ್ತದೆ. ಪುಡಿ ಉದುರಿ ಸ್ಕ್ರೂಡ್ರೈವರ್ ಒಳಗೆ ಹೋದರೆ ಹೊಸ ಬುಷ್ ಹಾಕಿ ಏನೂ ಉಪಯೋಗ ಇಲ್ಲ, ಬುಷ್ ಗಟ್ಟಿ ಇದ್ದರೂ ಅದು ಕಚ್ಚಿಕೊಳ್ಳುವ ಜಾಗವೇ ಗಟ್ಟಿ ಇಲ್ಲ.

ಚಕ್ರದ ವಿಡಿಯೋದಲ್ಲಿ ಎರಡೂ ಕಡೆ ಒಂದೇ ಥರ ಕಂಡು, ರಾಡ್ ಹಾಕಿ ಮೀಟಿದರೂ ಬುಷ್ ಗಟ್ಟಿ ಇದ್ದರೆ ಮತ್ತೆ ಬರೆಯಿರಿ. ಆಗ ಎರಡು ವಿಷಯ ಸೇರಿಸಿ: ಅರ್ಧ ಗಂಟೆ ಓಡಿಸಿ ನಿಲ್ಲಿಸಿದ ಮೇಲೆ ಮುಂದಿನ ಯಾವುದಾದರೂ ಒಂದು ಚಕ್ರ ಇನ್ನೊಂದಕ್ಕಿಂತ ಬಿಸಿ ಇತ್ತಾ, ಮುಂದಿನ ಎಡ ಬಲ ಟೈರ್ ಅದಲು ಬದಲು ಮಾಡಿದಾಗ ಎಳೆಯುವ ದಿಕ್ಕು ಬದಲಾಯಿತಾ. ಟೈರ್ ಮೇಲೆ ತಿರುಗುವ ದಿಕ್ಕಿನ ಬಾಣದ ಗುರುತಿದ್ದರೆ ಅದಲು ಬದಲು ಬೇಡ.